ಮೇವಿನ ಟೆಸ್ಟ್ ಮಾಡಿಸಿದೆ: ಎರಡು ನಂಬರ್‌ಗೋಸ್ಕರ ಕೊಟ್ಟ ದುಡ್ಡು ವಸೂಲಾಯಿತು

ನಮ್ಮದು ದೊಡ್ಡಬಳ್ಳಾಪುರದ ಕಡೆ. ಕೊಟ್ಟಿಗೆಯಲ್ಲಿ ಐದು ಎಚ್‌ಎಫ್ ಕ್ರಾಸ್ ಹಸು ಇವೆ. ಹೋದ ಮಳೆಗಾಲದಲ್ಲಿ ಸೂಪರ್ ನೇಪಿಯರ್ ಹುಲ್ಲು ಆಳೆತ್ತರ ಬೆಳೆದು ನಿಂತಿತ್ತು. ಮೇವಿಗೆ ಏನೂ ಕೊರತೆ ಇರಲಿಲ್ಲ, ಗೋದಲಿ ತುಂಬಾ ಹಾಕುತ್ತಿದ್ದೆವು, ಆದರೂ ಹಾಲು ಮಾತ್ರ ದಿನದಿನಕ್ಕೂ ಇಳಿಯುತ್ತಾ ಹೋಯಿತು. ಚಾಫ್ ಕಟರ್‌ನಲ್ಲಿ ಸಣ್ಣಗೆ ಕೊಚ್ಚಿ ಹಾಕಿದರೂ ಹಸುಗಳು ಎಲೆ ಆರಿಸಿ ತಿಂದು ಕಡ್ಡಿ ಚೂರು ಹಾಗೇ ಬಿಡುತ್ತಿದ್ದವು. ಹೊಟ್ಟೆ ತುಂಬಿ ಬಿಡುತ್ತಿವೆ ಅಂತ ನಾನು ಅಂದುಕೊಂಡಿದ್ದೆ. ಅಮ್ಮ ಒಂದು ಚೂರು ಎತ್ತಿ ಉಗುರಿನಿಂದ ಒತ್ತಿ ನೋಡಿ, "ಉಗುರೇ ಇಳೀತಿಲ್ಲ ಕಣಪ್ಪ, ಹುಲ್ಲು ಬಲಿತು ಹೋಗಿದೆ, ಅವು ಹೆಂಗೆ ತಿಂತಾವೆ?" ಅಂದರು.

ಫೀಡ್ ಜಾಸ್ತಿ ಮಾಡುವ ಮೊದಲು ಮೇವನ್ನೇ ಒಂದು ಸಲ ಟೆಸ್ಟ್ ಮಾಡಿಸೋಣ ಅಂತ ಒಂದು ಖಾಸಗಿ ಲ್ಯಾಬ್‌ಗೆ ಸ್ಯಾಂಪಲ್ ಕಳಿಸಿದೆ. ಒಂದು ಸ್ಯಾಂಪಲ್‌ಗೆ ಹೆಚ್ಚೂ ಕಡಿಮೆ ಒಂದು ಮೂಟೆ ಫೀಡ್‌ನ ದುಡ್ಡು. 45 ದಿನದ ಹುಲ್ಲು ಒಂದು ಕವರ್, 80 ದಿನದ ಹುಲ್ಲು ಇನ್ನೊಂದು ಕವರ್. ಎರಡೂ ಒಂದೇ ಹೊಲದ್ದು, ಒಂದೇ ಗೊಬ್ಬರ. ನೆರಳಲ್ಲಿ ಒಣಗಿಸಿ, ಕೊಚ್ಚಿ, ಕೊರಿಯರ್ ಮಾಡಿದೆ. ಹನ್ನೆರಡು ದಿನಕ್ಕೆ ಮೊಬೈಲ್‌ಗೆ ರಿಪೋರ್ಟ್ ಬಂತು.

ಪ್ರೋಟೀನ್ ಎಷ್ಟು ಅಂತ ನೋಡೋಣ ಅಂತಲೇ ತೆಗೆದಿದ್ದು. ಫೀಡ್ ಮೂಟೆ ಮೇಲೂ ನಾವು ನೋಡುವುದು ಅದನ್ನೇ ಅಲ್ವಾ? ಆದರೆ ನಮ್ಮ ಕೊಟ್ಟಿಗೆಯ ಸಮಸ್ಯೆಯನ್ನು ನೆಟ್ಟಗೆ ಹೇಳಿದ್ದು ಅದರ ಕೆಳಗಿನ ಎರಡು ಸಾಲು, ಎರಡೂ ಮೇವಿನ ನಾರಿನ ಅಳತೆ. ಎಳೆ ಹುಲ್ಲಲ್ಲಿ ಎನ್‌ಡಿಎಫ್ 62, ಎಡಿಎಫ್ 38. ಬಲಿತ ಹುಲ್ಲಲ್ಲಿ ಎನ್‌ಡಿಎಫ್ 72, ಎಡಿಎಫ್ 46. ಇವು ಒಣ ತೂಕದ ಮೇಲಿನ ಶೇಕಡಾ ಲೆಕ್ಕ.

ಈ ಎರಡು ಅಳತೆಗಳ ಹಿಂದೆ ಒಬ್ಬ ಮನುಷ್ಯನ ಇಡೀ ಜೀವಮಾನದ ಕೆಲಸ ಇದೆ. ಟೆಸ್ಟ್ ಮಾಡಿಸುವವರು ಅದನ್ನು ತಿಳಿದುಕೊಂಡರೆ ರಿಪೋರ್ಟ್ ಓದುವುದು ಸುಲಭವಾಗುತ್ತದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಅವರ ಹೆಸರು ಪೀಟರ್ ವಾನ್ ಸೋಸ್ಟ್. ಅಮೆರಿಕದವರು, ಹುಟ್ಟಿದ್ದು 1929ರಲ್ಲಿ. 1957ರಲ್ಲಿ ಬೆಲ್ಟ್ಸ್‌ವಿಲ್‌ನಲ್ಲಿರುವ ಅಮೆರಿಕದ ಕೃಷಿ ಇಲಾಖೆಯ ಸಂಶೋಧನಾ ಕೇಂದ್ರ ಸೇರಿದರು. ಆಗ ಮೇವಿನ ನಾರನ್ನು ಅಳೆಯುತ್ತಿದ್ದದ್ದು ಜರ್ಮನಿಯ ವೀಂಡೆ ಅನ್ನೋ ಕಡೆ 1860ರ ದಶಕದಲ್ಲಿ ರೂಪಿಸಿದ ವಿಧಾನದಲ್ಲಿ. ಮೇವನ್ನು ಮೊದಲು ಆಮ್ಲದಲ್ಲಿ, ಆಮೇಲೆ ಕ್ಷಾರದಲ್ಲಿ ಕುದಿಸುವುದು. ಉಳಿದದ್ದು ನಾರು, ಅಂದರೆ ಕ್ರೂಡ್ ಫೈಬರ್. ತೊಂದರೆ ಏನಪ್ಪಾ ಅಂದರೆ ನಾರಿನ ಒಂದು ಪಾಲೇ ಅದರಲ್ಲಿ ಕರಗಿ ಹೋಗುತ್ತಿತ್ತು. ಹೆಮಿಸೆಲ್ಯುಲೋಸ್ ಅನ್ನೋ ನಾರಿನ ಭಾಗ ಹೋಗುತ್ತಿತ್ತು, ಹಸು ಯಾವತ್ತೂ ಅರಗಿಸಿಕೊಳ್ಳಲಾಗದ ಲಿಗ್ನಿನ್ (ಗಿಡವನ್ನು ಗಟ್ಟಿ ಮಾಡುವ ಅಂಶ) ಕೂಡ ಒಂದಷ್ಟು ಹೋಗುತ್ತಿತ್ತು. ಹಾಗೆ ಕರಗಿದ್ದೆಲ್ಲ ಲೆಕ್ಕದಲ್ಲಿ ಸಕ್ಕರೆ, ಪಿಷ್ಟದ ಜೊತೆ "ಸುಲಭವಾಗಿ ಜೀರ್ಣವಾಗುವ" ಪಾಲಿಗೆ ಸೇರಿಬಿಡುತ್ತಿತ್ತು. ಕಾಗದದ ಮೇಲೆ ಒಣಹುಲ್ಲೂ ಒಳ್ಳೆಯ ಮೇವೇ. ನಮ್ಮ ಫೀಡ್ ಮೂಟೆಗಳ ಮೇಲೆ ಇವತ್ತಿಗೂ ಇರುವುದು ಈ ಕ್ರೂಡ್ ಫೈಬರ್ ಲೆಕ್ಕವೇ.

ವಾನ್ ಸೋಸ್ಟ್ ಯೋಚನೆ ಮಾಡಿದ್ದು ಬೇರೆ ದಾರಿ. ಮೇವಿನಲ್ಲಿ ನಾರಿಗೆ ಅಂಟಿಕೊಂಡಿರುವ ಪ್ರೋಟೀನನ್ನು ಬಿಡಿಸಬೇಕು, ಆದರೆ ನಾರು ಕರಗಬಾರದು. ಅದಕ್ಕೆ ಅವರು ಹಿಡಿದದ್ದು ಡಿಟರ್ಜೆಂಟ್. ಹೌದು, ಸೋಪಿನ ಜಾತಿಯದ್ದೇ. ಎನ್‌ಡಿಎಫ್ ಟೆಸ್ಟ್‌ನಲ್ಲಿ ಬಳಸುವ ಸೋಡಿಯಂ ಲಾರಿಲ್ ಸಲ್ಫೇಟ್ ನಮ್ಮ ಶಾಂಪೂ, ಟೂತ್‌ಪೇಸ್ಟ್‌ನಲ್ಲೂ ಇರುತ್ತದೆ. ಹಿಟ್ಟಿನ ಹಾಗೆ ಪುಡಿ ಮಾಡಿದ ಮೇವನ್ನು, ಒಂದು ಗ್ರಾಂ ಅಥವಾ ಅದಕ್ಕೂ ಕಡಿಮೆ, ಈ ದ್ರಾವಣದಲ್ಲಿ ಒಂದು ಗಂಟೆ ಕುದಿಸುತ್ತಾರೆ. ಸಕ್ಕರೆ, ಪ್ರೋಟೀನ್, ಜಿಡ್ಡು ಎಲ್ಲ ತೊಳೆದು ಹೋಗುತ್ತದೆ. ಸೋಸಿ, ಬಿಸಿ ನೀರಲ್ಲಿ ತೊಳೆದು, ಒಣಗಿಸಿ ತೂಕ ಹಾಕಿದರೆ ಗಿಡದ ಜೀವಕೋಶದ ಗೋಡೆ ಮಾತ್ರ ಉಳಿದಿರುತ್ತದೆ. ಅದೇ ಎನ್‌ಡಿಎಫ್. ಆಮ್ಲ ಸೇರಿಸಿದ ಇನ್ನೊಂದು ಡಿಟರ್ಜೆಂಟ್‌ನಲ್ಲಿ ಕುದಿಸಿದರೆ ಹೆಮಿಸೆಲ್ಯುಲೋಸೂ ಹೋಗಿ ಮುಖ್ಯವಾಗಿ ಸೆಲ್ಯುಲೋಸ್, ಲಿಗ್ನಿನ್ ಉಳಿಯುತ್ತವೆ. ಅದು ಎಡಿಎಫ್. ಎಡಿಎಫ್ ವಿಧಾನ 1963ರಲ್ಲಿ ಪ್ರಕಟವಾಯಿತು, ಎನ್‌ಡಿಎಫ್ 1967ರಲ್ಲಿ.

1968ರಲ್ಲಿ ಅವರು ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋದರು, ಮುಂದಿನ ಕೆಲಸವೆಲ್ಲ ಅಲ್ಲೇ. ತಾವೇ ಮಾಡಿದ ವಿಧಾನವನ್ನು ಅಷ್ಟಕ್ಕೇ ಬಿಡಲಿಲ್ಲ. ಪಿಷ್ಟ ಜಾಸ್ತಿ ಇರುವ ಜೋಳದಂಥ ಸ್ಯಾಂಪಲ್ ಸರಿಯಾಗಿ ಸೋಸುವುದಿಲ್ಲ, ಲೆಕ್ಕ ತಪ್ಪುತ್ತದೆ. ಅದಕ್ಕೆ ಪಿಷ್ಟ ಒಡೆಯುವ ಅಮೈಲೇಸ್ ಕಿಣ್ವ ಸೇರಿಸುವುದನ್ನೆಲ್ಲ ಒಟ್ಟುಗೂಡಿಸಿ 1991ರಲ್ಲಿ ಇನ್ನಿಬ್ಬರ ಜೊತೆ ಬರೆದ ಲೇಖನವನ್ನು ಮೇವಿನ ಸಂಶೋಧನೆ ಮಾಡುವವರು ಇವತ್ತಿಗೂ ಉಲ್ಲೇಖಿಸುತ್ತಲೇ ಇರುತ್ತಾರೆ. 2021ರಲ್ಲಿ ತೀರಿಕೊಂಡರು. ನನಗೆ ಅವರ ಬಗ್ಗೆ ತುಂಬಾ ಗೌರವ ಬಂದಿದ್ದು ಇಲ್ಲಿ: ಅಷ್ಟು ದೂರದಲ್ಲಿ ಕೂತು ಹುಲ್ಲನ್ನು ಹಸುವಿನ ಹೊಟ್ಟೆ ಹೇಗೆ ನೋಡುತ್ತದೋ ಹಾಗೆ ನೋಡಿದರು. ಉಷ್ಣಾಂಶ ಜಾಸ್ತಿ ಇರುವ ಕಡೆ ಹುಲ್ಲು ಬೇಗ ಲಿಗ್ನಿನ್ ಕಟ್ಟಿಕೊಂಡು ಗಟ್ಟಿಯಾಗುತ್ತದೆ ಅನ್ನೋದನ್ನೂ ಅವರು ಬರೆದಿದ್ದಾರೆ. ಇದು ನಮ್ಮ ಹೊಲದ ಮಾತೇ ಅಲ್ವಾ?

ಈಗ ನಮ್ಮ ರಿಪೋರ್ಟ್‌ಗೆ ಬರುತ್ತೇನೆ. ಸುಲಭವಾಗಿ ಹೇಳಬೇಕು ಅಂದರೆ, ಎನ್‌ಡಿಎಫ್ ಜಾಸ್ತಿ ಆದಷ್ಟೂ ಹಸು ತಿನ್ನುವುದು ಕಡಿಮೆ, ಎಡಿಎಫ್ ಜಾಸ್ತಿ ಆದಷ್ಟೂ ತಿಂದದ್ದು ಅರಗುವುದು ಕಡಿಮೆ. ಹಸುವಿನ ದೊಡ್ಡ ಹೊಟ್ಟೆಯಲ್ಲಿ, ಅಂದರೆ ಮೇವು ಮೊದಲು ಹೋಗಿ ಸೇರುವ ಚೀಲದಲ್ಲಿ, ಇರುವ ಸೂಕ್ಷ್ಮಜೀವಿಗಳು ಸೆಲ್ಯುಲೋಸನ್ನು ಒಡೆಯುತ್ತವೆ. ಲಿಗ್ನಿನ್ ಅವುಗಳ ಕೈಲಿ ಆಗುವುದಿಲ್ಲ, ಯಾಕೆಂದರೆ ಲಿಗ್ನಿನ್ ಒಡೆಯೋಕೆ ಆಮ್ಲಜನಕ ಬೇಕು, ಹೊಟ್ಟೆಯ ಒಳಗೆ ಅದು ಇಲ್ಲ. ಅರಗದ ನಾರು ಮೆಲುಕು ಹಾಕಿ ಹಾಕಿ ಸಣ್ಣ ಆಗುವ ತನಕ ಅಲ್ಲೇ ಕೂತಿರುತ್ತದೆ. ಜಾಗ ಖಾಲಿ ಆಗದೆ ಹಸು ಮತ್ತೆ ಬಾಯಿ ಹಾಕುವುದಿಲ್ಲ.

ಹಸು ತನ್ನ ದೇಹ ತೂಕದ ಶೇ. 1.2ರಷ್ಟು ಎನ್‌ಡಿಎಫ್ ತಿನ್ನುತ್ತದೆ ಅಂತ ಒಂದು ಅಂದಾಜು ಲೆಕ್ಕ ಬಳಕೆಯಲ್ಲಿದೆ. ನಮ್ಮ ಗೌರಿ 400 ಕೆಜಿ ಅಂತ ಇಟ್ಟುಕೊಳ್ಳಿ. 4.8 ಕೆಜಿ ಎನ್‌ಡಿಎಫ್ ಆಯಿತು. ಬರೀ ಮೇವಿನ ಲೆಕ್ಕ ಹಾಕಿದರೆ, ಎಳೆ ಹುಲ್ಲಾದರೆ ಒಣ ತೂಕದಲ್ಲಿ ಸುಮಾರು 7.7 ಕೆಜಿ ತಿನ್ನುತ್ತದೆ, ಬಲಿತದ್ದಾದರೆ 6.7 ಕೆಜಿಗೇ ಹೊಟ್ಟೆ ತುಂಬುತ್ತದೆ. ದಿನಕ್ಕೆ ಒಂದು ಕೆಜಿ ಒಣ ಮೇವು ಕಡಿಮೆ, ಅದೂ ಸರಿಯಾಗಿ ಅರಗದ್ದು. ಹಾಲು ಯಾಕೆ ಇಳಿಯಿತು ಅಂತ ಆಗ ಅರ್ಥವಾಯಿತು. ಅಮ್ಮನ ಉಗುರು ಹೇಳಿದ್ದೂ ಅದನ್ನೇ.

ಆಮೇಲೆ ಹುಲ್ಲನ್ನು ಆರು ಪಟ್ಟೆ ಮಾಡಿ 45ರಿಂದ 50 ದಿನದ ಒಳಗೆ ಕೊಯ್ಯುವ ಹಾಗೆ ಸರದಿ ಹಾಕಿದೆವು. ಫೀಡ್ ಒಂದು ಹಿಡಿಯೂ ಜಾಸ್ತಿ ಮಾಡಲಿಲ್ಲ. ಮೂರು ವಾರದಲ್ಲಿ ಗೌರಿ ಒಂದೂವರೆ ಲೀಟರ್ ವಾಪಸ್ ಕೊಟ್ಟಳು. ಉಳಿದವು ಒಂದು ಲೀಟರ್ ಆಸುಪಾಸು. ಗೋದಲಿಯಲ್ಲಿ ಕಡ್ಡಿ ಉಳಿಯುವುದು ನಿಂತಿತು.

ಹಾಗಂತ ನಾರು ಕಡಿಮೆ ಆದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. ಪಕ್ಕದ ಮನೆಯವರು ಮೇವು ಕಡಿಮೆ ಮಾಡಿ ಫೀಡ್, ಜೋಳದ ಹಿಟ್ಟು ಜಾಸ್ತಿ ಮಾಡಿದ್ದರು. ಡೈರಿಯಲ್ಲಿ 3.9 ಬರುತ್ತಿದ್ದ ಫ್ಯಾಟ್ 3.2ಕ್ಕೆ ಇಳಿಯಿತು. ನಾರು ಹುದುಗಿದಾಗ ಬರುವ ಅಸಿಟಿಕ್ ಆಮ್ಲದಿಂದಲೇ ಹಾಲಿನ ಕೊಬ್ಬಿನ ದೊಡ್ಡ ಪಾಲು ತಯಾರಾಗುವುದು. ಮೆಲುಕು ಕಡಿಮೆ ಆದರೆ ಜೊಲ್ಲು ಕಡಿಮೆ, ಜೊಲ್ಲು ಕಡಿಮೆ ಆದರೆ ಹೊಟ್ಟೆಯ ಹುಳಿ ತಗ್ಗುವುದಿಲ್ಲ.

ಇನ್ನು ಸರ್ವಿಸ್ ಬಗ್ಗೆ. ಟೆಸ್ಟ್ ಚೆನ್ನಾಗಿದೆ, ಆದರೆ ರೈತರಿಗೆ ಕೊಡುವ ರೀತಿ ಸರಿಯಿಲ್ಲ. ರಿಪೋರ್ಟ್ ಪೂರ್ತಿ ಇಂಗ್ಲಿಷ್‌ನಲ್ಲಿ. ಬರೀ ಅಂಕಿ, ಒಳ್ಳೆಯದೋ ಕೆಟ್ಟದ್ದೋ ಅಂತ ಒಂದು ಸಾಲೂ ಇಲ್ಲ. ಫೋನ್ ಮಾಡಿದರೆ "ನಿಮ್ಮ ಡಾಕ್ಟ್ರನ್ನ ಕೇಳಿ ಸಾರ್" ಅಂದರು. ಇದು ನನಗೆ ಬೇಜಾರಾಯಿತು. ದುಡ್ಡು ತಗೊಂಡ ಮೇಲೆ ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಡುವುದು ದೊಡ್ಡ ಕೆಲಸವಲ್ಲ. ಲಿಗ್ನಿನ್ ಬೇಕೆಂದರೆ ಬೇರೆ ಚಾರ್ಜ್, ಅದನ್ನೂ ಮೊದಲೇ ಹೇಳಲಿಲ್ಲ.

ಐದಕ್ಕೆ ಟೆಸ್ಟ್‌ಗೆ ಐದು, ಸರ್ವಿಸ್‌ಗೆ ಎರಡೂವರೆ ಕೊಡುತ್ತೇನೆ. ಒಂದೆರಡು ಹಸು ಇರುವವರು ಸ್ಯಾಂಪಲ್ ಕಳಿಸಲೇಬೇಕು ಅಂತೇನಿಲ್ಲ, ಹುಲ್ಲು ಬಲಿಯುವ ಮುಂಚೆ ಕೊಯ್ದರೆ ಸಾಕು. ಐದು ಹಸುವಿಗಿಂತ ಜಾಸ್ತಿ ಇದ್ದರೆ, ಇಲ್ಲಾ ಹೊರಗಿನಿಂದ ರಸಮೇವಿನ (ಸೈಲೇಜ್) ಬೇಲ್ ಕೊಳ್ಳುತ್ತಿದ್ದರೆ ಖಂಡಿತ ಮಾಡಿಸಿ. ಸ್ಯಾಂಪಲ್ ಮಾತ್ರ ಹೊಲದ ಒಂದೇ ಮೂಲೆಯಿಂದ ತೆಗೆಯಬೇಡಿ. ಏಳೆಂಟು ಕಡೆ ಬುಡದಿಂದ ಕೊಯ್ದು, ಕಡ್ಡಿ ಎಲೆ ಎಲ್ಲ ಸೇರಿಸಿ ಕೊಚ್ಚಿ, ಕಲಸಿ, ಅದರಲ್ಲಿ ಅರ್ಧ ಕೆಜಿ ತೆಗೆಯಿರಿ. ಕವರ್ ಮೇಲೆ ಕೊಯ್ದ ತಾರೀಖು, ಹುಲ್ಲಿನ ವಯಸ್ಸು ಬರೆಯಿರಿ. ನಾನು ಮುಂದಿನ ಸಲ ರಾಗಿ ಹುಲ್ಲು ಕಳಿಸುತ್ತೇನೆ, ಮೆದೆ ಒಟ್ಟಿದ ಮೇಲೆ ಒಂದು, ಯುಗಾದಿ ಹೊತ್ತಿಗೆ ಒಂದು.