ಕಡಲ್ಕೊರೆತಕ್ಕೆ ಕಲ್ಲಿನ ಗೋಡೆಯೋ, ಕಾಂಡ್ಲವೋ, ಗಾಳಿ ಮರವೋ?

ನಮ್ಮೂರ ದಡ ಉಳಿಸಲು ಯಾವುದು ಸರಿ ಅಂತ ಕೇಳಿದ್ದೀರಿ. ಮೊದಲು ನಿಮ್ಮ ದಡ ಎಂಥದ್ದು ನೋಡಿ.

ಉಳ್ಳಾಲದಂತೆ ಕಡಲು ನೇರವಾಗಿ ಬಡಿಯುವ ಮರಳ ದಂಡೆಯಲ್ಲಿ ಕಾಂಡ್ಲ, ಅಂದರೆ ಮ್ಯಾಂಗ್ರೋವ್ ಗಿಡ, ನಿಲ್ಲುವುದಿಲ್ಲ. ಅದಕ್ಕೆ ಕೆಸರು ಬೇಕು, ಉಬ್ಬರದ ನೀರು ಬೇಕು, ಅಲೆಯ ಹೊಡೆತ ಇರಬಾರದು. ಕುಂದಾಪುರದ ಪಂಚಗಂಗಾವಳಿ, ಕಾರವಾರದ ಕಾಳಿ ಅಳಿವೆಗಳಲ್ಲಿ ಚೆನ್ನಾಗಿ ಬೆಳೆದಿದೆ. ಖರ್ಚೂ ಕಮ್ಮಿ. ನುಗ್ಗೆಕಾಯಿಯಂಥ ಹಸಿರು ಮೊಳಕೆ ಮರದಲ್ಲೇ ತೂಗುತ್ತಿರುತ್ತದೆ, ತಂದು ಕೆಸರಿಗೆ ಚುಚ್ಚಿದರೆ ಬೇರು ಬಿಡುತ್ತದೆ. ದಡ ಹಿಡಿಯಲು ಮಾತ್ರ ವರ್ಷಗಳೇ ಬೇಕು. ಆದರೆ ಆ ಬೇರುಗಳ ನಡುವೆ ಸಿಗಡಿ, ಏಡಿ, ಮೀನಿನ ಮರಿಗಳು ಬೆಳೆಯುತ್ತವೆ. ನನಗೆ ಇದೇ ದೊಡ್ಡ ಲಾಭ.

ಕಲ್ಲಿನ ಗೋಡೆ ದುಬಾರಿ, ಆದರೆ ಕೂಡಲೇ ಕೆಲಸ ಮಾಡುತ್ತದೆ. ಈ ಮಳೆಗಾಲಕ್ಕೇ ಮನೆ ಬೀಳುವ ಹಾಗಿದ್ದರೆ ಅದನ್ನೇ ಕೇಳಿ. ಬಂಡೆಗಳು ಮರಳಲ್ಲಿ ಕುಸಿಯುತ್ತವೆ, ಮತ್ತೆ ಹಾಕಬೇಕಾಗುತ್ತದೆ. ಗೋಡೆ ಮುಗಿದ ಕಡೆ ಪಕ್ಕದೂರಿನ ದಡ ಜಾಸ್ತಿ ಕೊರೆಯಬಹುದು. ಅವರನ್ನೂ ಮಾತಿಗೆ ಕರೆಯಿರಿ.

ಗಾಳಿ ಮರ, ಅಂದರೆ ಕ್ಯಾಸುರಿನಾ, ಬೇಗ ಬೆಳೆಯುತ್ತದೆ. ಅದು ತಡೆಯುವುದು ಗಾಳಿಯನ್ನು, ಹಾರುವ ಮರಳನ್ನು, ಅಲೆಯನ್ನಲ್ಲ. ಕಡಲಾಮೆ ಮೊಟ್ಟೆಯಿಡುವ ದಂಡೆಯಾದರೆ ನೀರಿನ ಹತ್ತಿರ ನೆಡಬೇಡಿ. ಗುಂಡಿ ತೋಡಲು ಆಮೆಗೆ ಬರೀ ಮರಳು ಬೇಕು, ಅಲ್ವಾ?