ಇರುಂಗಾಟ್ಟುಕೋಟೆಯ ಟ್ರ್ಯಾಕ್ ಸ್ಕೂಲ್: ಹೊಸೂರಿನ ಸವಾರರು ಹೋಗಬೇಕೇ?

ಹೊಸೂರು, ತಳಿ, ಡೆಂಕಣಿಕೋಟೆ ಕಡೆ ಬೈಕ್ ಹುಚ್ಚಿರುವವರು ಎಲ್ಲಿ ಸೇರಿದರೂ ಈ ಪ್ರಶ್ನೆ ಬಂದೇ ಬರುತ್ತದೆ: ಕೈಯಲ್ಲಿರುವ ದುಡ್ಡನ್ನು ರೇಸ್ ಟ್ರ್ಯಾಕಿನಲ್ಲಿ ಸವಾರಿ ಕಲಿಸುವ ಟ್ರ್ಯಾಕ್ ಸ್ಕೂಲ್‌ಗೆ ಹಾಕುವುದೋ, ದೊಡ್ಡ ಬೈಕ್‌ಗೆಂದು ಕೂಡಿಡುವುದೋ? 200 ಸಿಸಿ ಆಸುಪಾಸಿನ ಬೈಕ್ ಇದ್ದು, ಅದರ ಟೈರು, ಬ್ರೇಕು ಸರಿಯಾಗಿದ್ದು, ಹೆದ್ದಾರಿಯಲ್ಲೂ ಘಾಟಿಯಲ್ಲೂ ಒಂದೆರಡು ವರ್ಷ ಓಡಿಸಿದ ಅಭ್ಯಾಸವಿದ್ದರೆ, ದೊಡ್ಡ ಬೈಕ್ ಕೊಳ್ಳುವ ಮೊದಲೇ ಸ್ಕೂಲ್‌ಗೆ ಹೋಗಿ ಬನ್ನಿ. ಮೊಣಕಾಲು ನೆಲಕ್ಕೆ ತಾಗಿಸಿದ ಒಂದು ಫೋಟೊ ಬೇಕೆಂಬುದಷ್ಟೇ ಆಸೆಯಾದರೆ ದುಡ್ಡು ಉಳಿಸಿಕೊಳ್ಳಿ. ಅಲ್ಲಿ ಕಲಿಸುವುದು ಬೇರೆಯದನ್ನೇ.

ಟಿವಿಎಸ್ ಕಾರ್ಖಾನೆ ಹೊಸೂರಿನಲ್ಲೇ ಇದ್ದರೂ ಕಲಿಯಲು ಹೋಗಬೇಕಾದದ್ದು ಶ್ರೀಪೆರಂಬುದೂರಿನ ಪಕ್ಕದ ಇರುಂಗಾಟ್ಟುಕೋಟೆಗೆ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಟ್ರ್ಯಾಕ್ ಇರುವುದು ಅಲ್ಲಿ. ಒಂದು ಸುತ್ತು 3.7 ಕಿ.ಮೀ., 12 ತಿರುವು. ಬೈಕ್ ಸವಾರಿ ಕಲಿಸುವ ಅಮೆರಿಕದ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್ ಭಾರತಕ್ಕೆ ಬಂದಾಗ ನಡೆಯುವುದೂ ಇದೇ ಟ್ರ್ಯಾಕಿನಲ್ಲಿ. ಕೊಯಮತ್ತೂರಿನ ಚೆಟ್ಟಿಪಾಳ್ಯದ ಕಾರಿ ಸ್ಪೀಡ್‌ವೇ ಇನ್ನೊಂದು ಆಯ್ಕೆ. ಸುತ್ತು 2.1 ಕಿ.ಮೀ. ಮಾತ್ರ, ಬಿಗಿ ತಿರುವುಗಳು, ಚಿಕ್ಕ ಬೈಕಿಗೆ ಹೇಳಿ ಮಾಡಿಸಿದಂತಿದೆ. ಅಲ್ಲಿ ಯಾವುದಾದರೂ ತರಬೇತಿ ನಡೆಯುತ್ತಿದ್ದರೆ 150–200 ಸಿಸಿಯವರು ಅದನ್ನೂ ವಿಚಾರಿಸಬಹುದು. ಹೊಸೂರಿನಿಂದ ಇರುಂಗಾಟ್ಟುಕೋಟೆಗೆ ಕೃಷ್ಣಗಿರಿ, ವೆಲ್ಲೂರು ಮೇಲೆ ಸುಮಾರು 270 ಕಿ.ಮೀ.; ಕೊಯಮತ್ತೂರಿಗೆ ಸೇಲಂ ಮೇಲೆ ಹೋದರೆ ಇನ್ನೊಂದು ಐವತ್ತು ಹೆಚ್ಚು.

ಟ್ರ್ಯಾಕ್ ಡೇ ಬೇರೆ, ಟ್ರ್ಯಾಕ್ ಸ್ಕೂಲ್ ಬೇರೆ. ಟ್ರ್ಯಾಕ್ ಡೇ ಎಂದರೆ ಜಾಗವನ್ನು ಬಾಡಿಗೆಗೆ ಕೊಟ್ಟ ಹಾಗೆ. ನಿಮ್ಮ ಪಾಡಿಗೆ ನೀವು ಸುತ್ತುತ್ತೀರಿ, ತಪ್ಪು ಮಾಡಿದರೆ ಅದೇ ತಪ್ಪನ್ನು ದಿನವಿಡೀ ಮಾಡುತ್ತೀರಿ. ಮೊದಲ ಸಲ ಹೋಗುವವರು ಕಡಿಮೆ ಶುಲ್ಕ ನೋಡಿ ಅದಕ್ಕೆ ಸೇರುವುದು ಬೇಡ. ಕ್ಯಾಲಿಫೋರ್ನಿಯಾ ಸ್ಕೂಲನ್ನು ಕೀತ್ ಕೋಡ್ 1980ರಲ್ಲಿ ಶುರುಮಾಡಿದ್ದು. ಅದರ ಕ್ರಮ ಹೀಗೆ: ಸವಾರರನ್ನು ಮೂರು ಗುಂಪು ಮಾಡುತ್ತಾರೆ. ಒಂದು ಗುಂಪು ಸುಮಾರು 20 ನಿಮಿಷ ಟ್ರ್ಯಾಕಿನಲ್ಲಿರುವಾಗ ಇನ್ನೊಂದು ತರಗತಿಯಲ್ಲಿ, ಮತ್ತೊಂದು ವಿಶ್ರಾಂತಿಯಲ್ಲಿ ಅಥವಾ ಕೋಚ್ ಜೊತೆ ಮಾತಿನಲ್ಲಿ. ದಿನಕ್ಕೆ ಐದು ಸರದಿ ಹೀಗೇ ನಡೆಯುತ್ತದೆ. ಒಂದು ಸಲಕ್ಕೆ ಒಂದೇ ಪಾಠ. ಈ ಸ್ಕೂಲಿನ ನಿಜವಾದ ಬೆಲೆ ಇರುವುದು ಇಲ್ಲಿಯೇ.

ಸ್ಕೂಲಿನ ಮೊದಲ ಹಂತವಾದ ಲೆವೆಲ್ ಒಂದರ ಮೊದಲ ಪಾಠ ಥ್ರಾಟಲ್, ಅಂದರೆ ಆಕ್ಸಿಲರೇಟರ್. ಒಂದೇ ಗಿಯರ್, ಬ್ರೇಕ್ ಮುಟ್ಟುವ ಹಾಗಿಲ್ಲ. ಕೇಳಿದವರಿಗೆ ಸಪ್ಪೆ ಅನ್ನಿಸಬಹುದು, ಆದರೆ ಐದು ಪಾಠಗಳಲ್ಲಿ ನಮ್ಮ ಘಾಟಿ ರಸ್ತೆಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇದೇ. ಬ್ರೇಕ್ ಇಲ್ಲದಿದ್ದಾಗ ತಿರುವಿನ ಒಳಗೆ ಎಷ್ಟು ವೇಗದಲ್ಲಿ ಹೋಗಬೇಕೆಂದು ಮೊದಲೇ ಅಂದಾಜು ಮಾಡಲೇಬೇಕಾಗುತ್ತದೆ. ಬೈಕ್ ವಾಲಿಸಿದ ನಂತರ ಥ್ರಾಟಲ್ಲನ್ನು ಹದವಾಗಿ, ನಿಲ್ಲಿಸದೆ ತೆರೆಯುತ್ತಾ ಹೋಗಬೇಕು. ಹಾಗೆ ತೆರೆದಾಗ ಭಾರ ನೂರರಲ್ಲಿ ಸುಮಾರು 40 ಪಾಲು ಮುಂದಿನ ಚಕ್ರಕ್ಕೆ, 60 ಪಾಲು ಹಿಂದಿನ ಚಕ್ರಕ್ಕೆ ಹಂಚಿಕೆಯಾಗುತ್ತದೆ. ಹಿಂದಿನ ಟೈರ್ ಅಗಲವಿರುವುದರಿಂದ ಇದು ಸರಿಯಾದ ಲೆಕ್ಕ. ಅಂಚೆಟ್ಟಿ ಘಾಟಿಯಲ್ಲಿ ತಿರುವಿನ ನಡುವೆ ಹೆದರಿ ಥ್ರಾಟಲ್ ಬಿಟ್ಟುಬಿಟ್ಟರೆ ಏನಾಗುತ್ತದೆ? ಭಾರವೆಲ್ಲ ಮುಂದಕ್ಕೆ ಬೀಳುತ್ತದೆ, ಮುಂದಿನ ಚಕ್ರ ಹಿಡಿದ ಫೋರ್ಕ್ ಕುಸಿಯುತ್ತದೆ, ಬೈಕಿನ ಹೊಟ್ಟೆ ನೆಲಕ್ಕೆ ಹತ್ತಿರವಾಗುತ್ತದೆ, ಮುಂದಿನ ಟೈರ್ ಮೇಲೆ ಮಿತಿಮೀರಿ ಹೊರೆ ಬೀಳುತ್ತದೆ. ಅಲ್ಲಿ ಒಂದು ಹಿಡಿ ಮರಳಿದ್ದರೂ ಸಾಕು.

ಉಳಿದ ನಾಲ್ಕರಲ್ಲಿ ಒಂದು, ಎಲ್ಲಿ ತಿರುಗಿಸಬೇಕೆಂಬ ಗುರುತನ್ನು ಮೊದಲೇ ಹಿಡಿಯುವುದು. ಇನ್ನೊಂದು, ಆ ಗುರುತು ಬಂದಾಗ ಬೈಕನ್ನು ಬೇಗ ವಾಲಿಸುವುದು. ಬಲಕ್ಕೆ ಹೋಗಲು ಬಲಗಡೆಯ ಹ್ಯಾಂಡಲ್ಲನ್ನು ಮುಂದಕ್ಕೆ ಒತ್ತಬೇಕೆಂಬ ಮಾತು ಎಲ್ಲರಿಗೂ ಗೊತ್ತು, ಧೈರ್ಯವಾಗಿ ಒತ್ತುವವರು ಕಡಿಮೆ. ನಿಧಾನವಾಗಿ ವಾಲಿಸಿದರೆ ಅದೇ ವೇಗಕ್ಕೆ ಅದೇ ತಿರುವಿನಲ್ಲಿ ಹೆಚ್ಚು ವಾಲಿಸಬೇಕಾಗುತ್ತದೆ, ಇಲ್ಲವೇ ಬೈಕ್ ಹೊರಗಂಚಿಗೆ ಸರಿಯುತ್ತದೆ. ಮೂರನೆಯದು ಕೈ ಸಡಿಲ ಬಿಡುವುದು; ಬಿಗಿಹಿಡಿದ ತೋಳು ರಸ್ತೆಯ ಪ್ರತಿ ಉಬ್ಬನ್ನೂ ಹ್ಯಾಂಡಲ್ಲಿಗೆ ದಾಟಿಸಿ ಬೈಕನ್ನು ಅಲುಗಾಡಿಸುತ್ತದೆ. ಕೊನೆಯದು, ತಿರುಗಿಸುವ ಗುರುತು ತಲುಪುವ ಮೊದಲೇ ಕಣ್ಣನ್ನು ತಿರುವಿನ ಒಳಕ್ಕೆ ಕಳುಹಿಸಿ, ಬೈಕ್ ಹೋಗಬೇಕಾದ ಜಾಗವನ್ನು ನೋಡುವುದು. ಬ್ರೇಕಿಂಗ್ ಕಲಿಯಲೆಂದೇ ಹೋಗುವವರಿಗೆ ಲೆವೆಲ್ ಒಂದು ನಿರಾಸೆ ತರುತ್ತದೆ, ಇದನ್ನು ತಿಳಿದೇ ಹೋಗಿ. ಎದುರು ಬರುವ ಲಾರಿ, ಅಡ್ಡ ಬರುವ ದನ, ಕತ್ತಲು, ಇವುಗಳ ಪಾಠ ಯಾವ ಟ್ರ್ಯಾಕಿನಲ್ಲೂ ಇಲ್ಲ.

ಕಲಿಸುವುದು ಇಂಗ್ಲಿಷಿನಲ್ಲಿ, ಕೋಚ್‌ಗಳಲ್ಲಿ ವಿದೇಶದವರೇ ಹೆಚ್ಚು. ಆ ಉಚ್ಚಾರಣೆ ಮೊದಲ ತರಗತಿಯಲ್ಲಿ ಕಿವಿಗೆ ಹತ್ತದಿದ್ದರೆ ಸುಮ್ಮನೆ ತಲೆಯಾಡಿಸಬೇಡಿ. ಒಬ್ಬ ಕೋಚ್ ಪಾಲಿಗೆ ಬರುವುದು ಮೂವರು ಸವಾರರು. ಸರದಿ ಮುಗಿದ ಮೇಲೆ ಅವರು ನಿಮ್ಮೊಬ್ಬರ ಜೊತೆ ಮಾತಾಡುತ್ತಾರೆ, ಆಗ ಎರಡು ಸಲ ಕೇಳಿದರೂ ಬೇಸರಿಸುವುದಿಲ್ಲ. ಸ್ನೇಹಿತರೊಬ್ಬರ ಜೊತೆ ಒಂದೇ ಲೆವೆಲ್‌ಗೆ ಸೇರಿದರೆ ಊಟದ ಹೊತ್ತಿನಲ್ಲಿ ಕನ್ನಡದಲ್ಲೇ ಚರ್ಚಿಸಿಕೊಳ್ಳಬಹುದು. ಬೈಕ್ ನಿಲ್ಲಿಸುವ ಪ್ಯಾಡಕ್‌ನಲ್ಲಿರುವ ಮೆಕ್ಯಾನಿಕ್‌ಗಳ ಜೊತೆ ಹೇಗೂ ತಮಿಳು ನಡೆಯುತ್ತದೆ.

ಇನ್ನು ಬೈಕ್ ತಯಾರಿ. ಹೆಚ್ಚಿನವರು ಎಡವುವುದು ಇಲ್ಲಿ. ಸೈಲೆನ್ಸರ್ ಬದಲಾಯಿಸಿ, ಸ್ಟಿಕ್ಕರ್ ಅಂಟಿಸಿ, ಸವೆದ ಟೈರಿನಲ್ಲೇ ಬರುವವರನ್ನು ನೋಡಿದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆಯೇ ನೆನಪಾಗಬೇಕು. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಗುರುತಿರುತ್ತದೆ; 2321 ಎಂದಿದ್ದರೆ 2021ರ 23ನೇ ವಾರ ತಯಾರಾದದ್ದು. ಐದು ವರ್ಷ ದಾಟಿದ್ದರೆ ಗೀರು ಎಷ್ಟೇ ಉಳಿದಿದ್ದರೂ ಹೊಸದು ಹಾಕಿಸಿ, ರಬ್ಬರ್ ಗಟ್ಟಿಯಾಗಿರುತ್ತದೆ. ಹೊಸ ಟೈರಾದರೆ ಸ್ಕೂಲ್‌ಗೆ ಮೊದಲೇ ನೂರಿನ್ನೂರು ಕಿ.ಮೀ. ಓಡಿಸಿ ಮೇಲಿನ ಜಾರು ಪದರ ಹೋಗಲಿ.

ಬ್ರೇಕ್ ಆಯಿಲ್ ಬಗ್ಗೆ ಉದಾಸೀನ ಬೇಡ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದ ಅದು, ತೇವ ಹೀರಿದ ಮೇಲೆ 155 ಡಿಗ್ರಿಗೇ ಕುದಿಯಬಹುದು. ಕುದಿದಾಗ ಪೈಪಿನಲ್ಲಿ ಗುಳ್ಳೆಯಾಗಿ ಲಿವರ್ ಸ್ಪಂಜಿನ ಹಾಗೆ ಮೆತ್ತಗಾಗುತ್ತದೆ, ಹಿಡಿದರೆ ಹ್ಯಾಂಡಲ್‌ವರೆಗೂ ಬರುತ್ತದೆ. ಮೊದಲ ಪಾಠದಲ್ಲಿ ಬ್ರೇಕ್ ಇಲ್ಲದಿದ್ದರೂ ಮುಂದಿನವುಗಳಲ್ಲಿ ಇದೆ. ಎರಡು ವರ್ಷವಾಗಿದ್ದರೆ ಆಯಿಲ್ ಬದಲಿಸಿ, ಬ್ರೇಕ್ ಪೈಪಿನೊಳಗಿನ ಗಾಳಿ ಬಿಡಿಸಿ. ಮುಂದಿನ ಬ್ರೇಕ್ ಪ್ಯಾಡ್ ಕನಿಷ್ಠ 3 ಮಿ.ಮೀ. ಉಳಿದಿರಲಿ.

ಚೈನ್ ಸಡಿಲ ಮ್ಯಾನುಯಲ್‌ನಲ್ಲಿ ಹೇಳಿದಷ್ಟೇ ಇರಬೇಕು. ಬಿಗಿಯಾದರೆ ಹಿಂದಿನ ಸಸ್ಪೆನ್ಷನ್ ಕುಸಿದಾಗ ಚೈನ್ ಎಳೆದು ಹಿಡಿಯುತ್ತದೆ. ಚೈನ್ ಲ್ಯೂಬನ್ನು ಹಿಂದಿನ ರಾತ್ರಿಯೇ ಹಾಕಿ ಒರೆಸಿ. ಬೆಳಿಗ್ಗೆ ಹಾಕಿದರೆ ಟೈರಿನ ಮೇಲೆ ಚಿಮ್ಮುತ್ತದೆ. ಥ್ರಾಟಲ್ ಕೈ ಬಿಟ್ಟ ತಕ್ಷಣ ಪಟ್ಟನೆ ಹಿಂದಕ್ಕೆ ಬರಬೇಕು. ಸೀರೆ ಗಾರ್ಡ್, ಲೆಗ್ ಗಾರ್ಡ್, ಸೆಂಟರ್ ಸ್ಟ್ಯಾಂಡ್ ಇದ್ದರೆ ಮನೆಯಲ್ಲೇ ಬಿಚ್ಚಿಡಿ, ವಾಲಿದಾಗ ಮೊದಲು ನೆಲಕ್ಕೆ ಉಜ್ಜುವುದು ಅವೇ. ಉಜ್ಜಿ ಹಿಂದಿನ ಚಕ್ರವನ್ನು ಎತ್ತಿಬಿಡುತ್ತವೆ. ಕನ್ನಡಿ ಬಿಚ್ಚಬೇಕು, ಹೆಡ್‌ಲೈಟ್, ಇಂಡಿಕೇಟರ್, ಹಿಂದಿನ ದೀಪಕ್ಕೆ ಟೇಪ್ ಸುತ್ತಬೇಕು. 2017ರ ನಂತರದ ಬೈಕ್‌ಗಳಲ್ಲಿ ಹೆಡ್‌ಲೈಟ್ ಸದಾ ಉರಿಯುತ್ತದೆ. ಹ್ಯಾಲೊಜೆನ್ ಬಲ್ಬಾದರೆ ಟೇಪ್ ಕೆಳಗೆ ಶಾಖ ಕಟ್ಟಿ ಗಾಜು ಹಾಳಾಗುತ್ತದೆ, ಅಂಟು ಕರಗಿ ಮೆತ್ತಿಕೊಳ್ಳುತ್ತದೆ. ಹೆಡ್‌ಲೈಟಿನ ಫ್ಯೂಸ್ ಅಥವಾ ಕನೆಕ್ಟರ್ ತೆಗೆದ ಮೇಲೆಯೇ ಟೇಪ್ ಹಾಕಿ. ಎಂಜಿನ್ ತಂಪಿಡುವ ಕೂಲಂಟ್ ಬದಲು ಬರೀ ನೀರು ಹಾಕಬೇಕೇ ಎಂಬುದನ್ನು ಸ್ಕೂಲಿನವರನ್ನೇ ಕೇಳಿ. ಕೂಲಂಟ್ ಟ್ರ್ಯಾಕ್ ಮೇಲೆ ಚೆಲ್ಲಿದರೆ ವಿಪರೀತ ಜಾರುತ್ತದೆ ಎಂದು ಕೆಲವು ಕಡೆ ಬಿಡುವುದಿಲ್ಲ.

ಟೈರ್ ಗಾಳಿಯ ವಿಷಯದಲ್ಲಿ ಹೊಸೂರಿನವರಿಗೆ ಒಂದು ವಿಶೇಷ ಲೆಕ್ಕವಿದೆ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಜನವರಿ ಬೆಳಿಗ್ಗೆ ಚಳಿ. ಇಲ್ಲಿ ತುಂಬಿಸಿದ ಗಾಳಿ ತಗ್ಗಿನಲ್ಲಿರುವ ಇರುಂಗಾಟ್ಟುಕೋಟೆಗೆ ಇಳಿದಾಗ ಎತ್ತರದ ವ್ಯತ್ಯಾಸದಿಂದ ಗೇಜಿನಲ್ಲಿ ಒಂದೂವರೆ ಪಿಎಸ್‌ಐ ಹತ್ತಿರ ಕಡಿಮೆ ತೋರುತ್ತದೆ. ತಾಪ 15 ಡಿಗ್ರಿ ಏರಿದರೆ ಎರಡು ಪಿಎಸ್‌ಐನಷ್ಟು ಹೆಚ್ಚು ತೋರುತ್ತದೆ. ಹೀಗಾಗಿ ಮನೆಯಲ್ಲಿ ಅಳೆದದ್ದಕ್ಕೆ ಅರ್ಥವಿಲ್ಲ. ಗೇಜ್ ಜೊತೆಗೊಯ್ದು ಅಲ್ಲೇ, ಬೆಳಿಗ್ಗೆ ಟೈರ್ ತಣ್ಣಗಿರುವಾಗ ಅಳೆಯಿರಿ. ಟ್ರ್ಯಾಕಿನಲ್ಲಿ ಟೈರ್ ಕಾದು ಒತ್ತಡ ಏರುವುದರಿಂದ ರಸ್ತೆಗಿಂತ ಎರಡು ಮೂರು ಪಿಎಸ್‌ಐ ಇಳಿಸಿ ಶುರುಮಾಡುವುದು ವಾಡಿಕೆ, ಎಷ್ಟೆಂಬುದನ್ನು ನಿಮ್ಮ ಟೈರ್ ನೋಡಿ ಅಲ್ಲಿಯವರೇ ಹೇಳುತ್ತಾರೆ. ವಾಪಸ್ ಹೊರಡುವ ಮೊದಲು ಮತ್ತೆ ತುಂಬಿಸಿ. ಕಡಿಮೆ ಗಾಳಿಯಲ್ಲಿ ಹೆದ್ದಾರಿಯಲ್ಲಿ ಓಡಿಸಿದರೆ ಟೈರಿನ ಪಕ್ಕ ಬಾಗಿ ಬಾಗಿ ಕಾಯುತ್ತದೆ.

ಉಡುಪಿನಲ್ಲಿ ರಾಜಿಯೇ ಇಲ್ಲ. ಒಂದೇ ತುಂಡಿನ ಲೆದರ್ ಸೂಟ್, ಅಥವಾ ಸೊಂಟದ ಸುತ್ತ ಪೂರ್ತಿ ಜಿಪ್ ಕೂಡುವ ಎರಡು ತುಂಡಿನದು. ಕಣಕಾಲು ಮುಚ್ಚುವ ರೈಡಿಂಗ್ ಬೂಟು, ಮಣಿಕಟ್ಟು ದಾಟುವ ಗ್ಲೌಸ್, ಬೆನ್ನಿಗೆ ಪ್ರೊಟೆಕ್ಟರ್, ಫುಲ್‌ಫೇಸ್ ಹೆಲ್ಮೆಟ್. ಸೂಟ್ ಬಾಡಿಗೆಗೆ ಸಿಕ್ಕಿದರೆ ನಿಂತು ನೋಡಬೇಡಿ, ಬೈಕ್ ಮೇಲೆ ಬಾಗಿ ಕೂತು ನೋಡಿ. ನಿಂತಾಗ ಸರಿಯೆನಿಸಿದ್ದು ಕೂತಾಗ ಮೊಣಕಾಲಿನ ಪ್ಯಾಡನ್ನು ಪಕ್ಕಕ್ಕೆ ಸರಿಸಿಬಿಡುತ್ತದೆ.

ಶುಲ್ಕ ಕಟ್ಟುವ ಮೊದಲು ಕೇಳಿಕೊಳ್ಳಬೇಕಾದದ್ದು: ಬಾಡಿಗೆ ಬೈಕ್ ಬಿದ್ದರೆ ಬಿಲ್ ಯಾರದ್ದು, ಮಿತಿ ಎಷ್ಟು? ಮಳೆ ಬಂದರೆ ಸರದಿ ಬೇರೆ ದಿನ ಸಿಗುತ್ತದೆಯೇ? ಆಂಬುಲೆನ್ಸ್ ಟ್ರ್ಯಾಕಿನಲ್ಲೇ ನಿಂತಿರುತ್ತದೆಯೇ? ಊಟ, ನೀರು, ಸೂಟ್ ಶುಲ್ಕದಲ್ಲಿ ಸೇರಿದೆಯೇ? ಇನ್ಶೂರೆನ್ಸ್ ನಂಬಿಕೊಂಡು ಹೋಗಬೇಡಿ. ಸಾಮಾನ್ಯ ವಾಹನ ಪಾಲಿಸಿಗಳು ರೇಸ್, ವೇಗ ಪರೀಕ್ಷೆಯಂಥ ಬಳಕೆಯನ್ನು ಹೊರಗಿಟ್ಟಿರುತ್ತವೆ. ನಿಮ್ಮ ಆರೋಗ್ಯ ವಿಮೆಯ ಹೊರಗಿಟ್ಟ ಪಟ್ಟಿಯನ್ನೂ ಓದಿ. ಬೈಕ್ ಬಿದ್ದರೆ ಖರ್ಚು ನಿಮ್ಮದೇ ಎಂದುಕೊಂಡು, ಆ ಮೊತ್ತವನ್ನೂ ಲೆಕ್ಕಕ್ಕೆ ಸೇರಿಸಿ. ಅದು ಹೊರೆಯೆನಿಸಿದರೆ ಈ ವರ್ಷ ಹೋಗದಿರುವುದೇ ಸರಿ.

ಬೈಕ್ ಓಡಿಸಿಕೊಂಡು ಹೋಗುವುದೋ, ಟಾಟಾ ಏಸ್‌ನಲ್ಲಿ ಹಾಕಿಸುವುದೋ? ಇಬ್ಬರಿದ್ದರೆ ಏಸ್ ಬಾಡಿಗೆ ಹಂಚಿಕೊಳ್ಳುವುದು ಉತ್ತಮ. ಬಿದ್ದು ಲಿವರ್ ಮುರಿದರೂ ಬೈಕ್ ಮನೆಗೆ ಬರುತ್ತದೆ. ಕಟ್ಟುವಾಗ ಫೋರ್ಕ್ ಪೂರ್ತಿ ಕುಸಿಯುವಷ್ಟು ಬಿಗಿಯಬೇಡಿ, ಆಯಿಲ್ ಸೀಲ್ ಸೋರುತ್ತದೆ. ಅರ್ಧದಷ್ಟು ಕುಸಿದರೆ ಸಾಕು, ನಾಲ್ಕು ಕಡೆ ಪಟ್ಟಿ. ಓಡಿಸಿಕೊಂಡೇ ಹೋಗುವುದಾದರೆ ಹಿಂದಿನ ಸಂಜೆಯೇ ಶ್ರೀಪೆರಂಬುದೂರು ಸೇರಿ ರೂಮ್ ಮಾಡಿ. ಮುಗಿದ ಸಂಜೆ ಹೊರಡಬೇಡಿ: ಲೆದರ್ ಸೂಟಿನಲ್ಲಿ ದಿನವಿಡೀ ಬೆವತ ದೇಹ, ಕಾಂಚೀಪುರದ ಕಡೆ ರಾತ್ರಿ ಲಾರಿಗಳ ಸಾಲು, ಎರಡೂ ಸೇರಬಾರದು. ಹೊಸೂರಿನ ಹವೆಗೆ ಒಗ್ಗಿದವರಿಗೆ ಚೆನ್ನೈ ಕಡೆಯ ಸೆಕೆ ಜನವರಿ, ಫೆಬ್ರವರಿಯಲ್ಲೂ ಸುಸ್ತು ಮಾಡಿಸುತ್ತದೆ. ಪ್ರತಿ ಸರದಿಯ ನಂತರ ಸೂಟನ್ನು ಸೊಂಟದವರೆಗೆ ಇಳಿಸಿ, ಅರ್ಧ ಲೀಟರ್ ನೀರು ಅಥವಾ ಓಆರ್‌ಎಸ್ ಕುಡಿಯಿರಿ. ನಾಲ್ಕನೇ ಸರದಿಯ ಹೊತ್ತಿಗೆ ಗುರುತುಗಳು ತಪ್ಪತೊಡಗಿದರೆ ಅದು ದಣಿವು. ಐದನೆಯದನ್ನು ಅರ್ಧಕ್ಕೇ ಬಿಟ್ಟು ಪಿಟ್‌ಗೆ ಬಂದರೆ ಯಾರೂ ಏನೂ ಅನ್ನುವುದಿಲ್ಲ.

ಲೆವೆಲ್ ಎರಡನ್ನು ಮರುದಿನವೇ ಮಾಡುವ ಅವಕಾಶ ಕೊಡುತ್ತಾರೆ, ಹೆಚ್ಚಿನವರು ಒಟ್ಟಿಗೇ ಮುಗಿಸಿ ಬರುತ್ತಾರೆ. ಹೊಸೂರಿನ ಮಾಮೂಲಿ ಸವಾರರಿಗೆ ಒಂದು ದಿನ ಸಾಕು. ಬಂದ ಮೇಲೆ ಡೆಂಕಣಿಕೋಟೆ ರಸ್ತೆಯಲ್ಲಿ, ನಲವತ್ತರ ವೇಗದಲ್ಲಿ, ಥ್ರಾಟಲ್ ಪಾಠವೊಂದನ್ನೇ ಕೆಲವು ತಿಂಗಳು ಮಾಡಿ. ಅದು ಯೋಚಿಸದೆ ಕೈಗೆ ಬಂದಾಗ ಲೆವೆಲ್ ಎರಡಕ್ಕೆ ಹೆಸರು ಕೊಡಿ.