ಮಗುವಿಗೆ ಯಾವುದು ಕೊಡೋಣ: ‘ತೊತ್ತೋಚಾನ್’ ಅಥವಾ ‘ಒನ್ಸ್’?

ಎರಡೂ ಎರಡನೇ ಮಹಾಯುದ್ಧದ ಕಾಲವನ್ನು ಕುರಿತ ಪುಸ್ತಕಗಳು. ಎರಡರಲ್ಲೂ ಮಕ್ಕಳು ನಗಿಸುತ್ತಾರೆ. ಆದರೆ ನಗುವಿನ ಬಗೆ ಬೇರೆ.

ತೆತ್ಸುಕೊ ಕುರೊಯಾನಗಿ ಅವರ ‘ತೊತ್ತೋಚಾನ್’ (1981) ಕಾದಂಬರಿಯಲ್ಲ, ಬಾಲ್ಯದ ನೆನಪು. ಮೊದಲ ಶಾಲೆಯಿಂದ ಹೊರಹಾಕಿಸಿಕೊಂಡ ತುಂಟ ಹುಡುಗಿ ಟೋಕಿಯೊದಲ್ಲಿ ರೈಲುಬೋಗಿಗಳೇ ತರಗತಿಯಾದ ಶಾಲೆ ಸೇರುತ್ತಾಳೆ. ಯುದ್ಧ ಬಹುಪಾಲು ಹಿನ್ನೆಲೆಯಲ್ಲೇ ಇರುತ್ತದೆ. 1945ರ ಬಾಂಬ್ ದಾಳಿಯಲ್ಲಿ ಆ ಶಾಲೆ ಸುಟ್ಟುಹೋಗುತ್ತದೆ. ಅಧ್ಯಾಯಗಳು ಪುಟ್ಟವು, ಕನ್ನಡದಲ್ಲೂ ಬಂದಿದೆ.

ಮಾರಿಸ್ ಗ್ಲೈಟ್ಜ್‌ಮನ್ ಅವರ ‘ಒನ್ಸ್’ (2005) ಇಂಗ್ಲಿಷ್ ಕಾದಂಬರಿ. 1942ರ ಪೋಲೆಂಡ್. ಯಹೂದಿ ಹುಡುಗ ಫೆಲಿಕ್ಸ್ ಅನಾಥಾಶ್ರಮದಲ್ಲಿದ್ದಾನೆ. ಸೂಪಿನಲ್ಲಿ ಇಡೀ ಕ್ಯಾರೆಟ್ ಸಿಕ್ಕಿದರೆ, ಅದು ಅಪ್ಪ ಅಮ್ಮ ಕಳಿಸಿದ ಸುಳಿವು ಅಂದುಕೊಳ್ಳುತ್ತಾನೆ! ಹಿಟ್ಲರನ ಕಡೆಯ ನಾಜಿಗಳು ಪುಸ್ತಕ ಸುಡುವುದನ್ನು ನೋಡಿ, ಇವರಿಗೆ ಪುಸ್ತಕ ಕಂಡರೆ ಆಗಲ್ಲ ಎಂದು ನಂಬುತ್ತಾನೆ. ಪುಸ್ತಕದಂಗಡಿ ನಡೆಸುವ ಅಪ್ಪ ಅಮ್ಮನನ್ನು ಎಚ್ಚರಿಸಲು ಓಡುತ್ತಾನೆ. ನಾಜಿಗಳು ಕೊಲ್ಲುತ್ತಿರುವುದು ಯಹೂದಿಗಳನ್ನು ಎಂಬ ನಿಜ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ನಗುನಗುತ್ತಲೇ ಗಂಟಲು ಕಟ್ಟುತ್ತದೆ. ಒಂದೊಂದೇ ನಿಜ ತಿಳಿಯುತ್ತಾ ಅವನು ದೊಡ್ಡವನಾಗುತ್ತಾನೆ.

ಬೆಳೆಯುವ ಕಥೆ, ಯುದ್ಧ, ಹಾಸ್ಯ ಮೂರೂ ಒಟ್ಟಿಗೆ ಬೇಕಾದರೆ ‘ಒನ್ಸ್’ ಜಾಸ್ತಿ ಗಟ್ಟಿ. ಆದರೆ ಕೊಲೆಗಳು ನೇರವಾಗಿ ಬರುತ್ತವೆ. 11-12 ದಾಟಿದವರಿಗೆ ಕೊಡಿ, ಜೊತೆಗೆ ನೀವೂ ಓದಿ. ಪ್ರಶ್ನೆಗಳು ಬಂದೇ ಬರುತ್ತವೆ ಅಲ್ವಾ?

8-9 ವರ್ಷದವರಿಗೆ ‘ತೊತ್ತೋಚಾನ್’ ಸಾಕು. ಅದರಲ್ಲೂ ಪೋಲಿಯೋ ಆಗಿದ್ದ ಗೆಳೆಯನ ಸಾವು ಬರುತ್ತದೆ. ಆ ಭಾಗವನ್ನು ಪಕ್ಕದಲ್ಲಿ ಕೂತು ಓದಿ ಹೇಳಿ.